ಬಸವನಗುಡಿಯ ಮನೆ ಮತ್ತು ಗ್ರಾಂಟ್ ಬಿಟ್ಟುಕೊಟ್ಟ ಕುದುರೆಗಳು

ದೊಡ್ಡಪ್ಪ: ನಮ್ಮ ಕುಟುಂಬದ ಈ ಗುಂಪಿನಲ್ಲಿ ಅಮೆರಿಕದ ಅಂತರ್ಯುದ್ಧದ ಕುರಿತು ನಾನು ಹಂಚಿಕೊಂಡ ಬರಹವನ್ನು ದಯವಿಟ್ಟು ಎಲ್ಲರೂ ಪೂರ್ತಿ ಓದಿ. 1865ರ ಏಪ್ರಿಲ್ 9ರಂದು ವರ್ಜೀನಿಯಾದ ಅಪೊಮ್ಯಾಟಾಕ್ಸ್‌ನಲ್ಲಿ ದಕ್ಷಿಣದ ಪಡೆಯ ಜನರಲ್ ಲೀ ಶರಣಾದಾಗ, ಗೆದ್ದ ಉತ್ತರದ ಜನರಲ್ ಗ್ರಾಂಟ್ ಸೋತ ಸೈನಿಕರನ್ನು ಸೆರೆಗೆ ತಳ್ಳದೆ ಮನೆಗೆ ಕಳುಹಿಸಿದರು, ಉಳುಮೆಗೆ ಬೇಕಾಗುತ್ತದೆಂದು ಅವರವರ ಸ್ವಂತ ಕುದುರೆಗಳನ್ನು ಅವರಿಗೇ ಬಿಟ್ಟರು, ಹಸಿದಿದ್ದ ಆ ಪಡೆಗೆ 25,000 ಜನರ ಆಹಾರ ಕೊಡಿಸಿದರು, ತಮ್ಮ ಪಾಳೆಯದಲ್ಲಿ ಹಾರುತ್ತಿದ್ದ ವಿಜಯದ ತೋಪುಗಳನ್ನೂ ನಿಲ್ಲಿಸಿದರು. ತಮ್ಮನೊಡನೆ ನಡೆದ ಬಸವನಗುಡಿ ಮನೆಯ ಪಾಲಿನ ದಾವೆ ನಮ್ಮ ಪರವಾಗಿ ತೀರ್ಮಾನವಾಗಿದೆ. ತೀರ್ಪಿನ ದಿನ ಇಲ್ಲಿ ಹಾಕಿದ ಪಟಾಕಿಯ ಚಿತ್ರಗಳನ್ನು ಅಳಿಸಿ, ತಮ್ಮನನ್ನು ಮತ್ತೆ ಗುಂಪಿಗೆ ಸೇರಿಸೋಣ.

ಅತ್ತೆ: ಅಣ್ಣ, ನಿನ್ನ ಪಾಲನ್ನು ಅವನು ಒಂದು ದಿನವೂ ಪ್ರಶ್ನಿಸಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟಿದ್ದರೂ, ಮದುವೆಯಾಗಿ ಹೋದವಳಿಗೆ ಇಲ್ಲೇನು ಕೆಲಸ ಎಂದು ಅವನು ಕೇಳಿದ್ದು ನನ್ನನ್ನು. ಹನ್ನೊಂದು ವರ್ಷ ಮಲ್ಲೇಶ್ವರದಿಂದ ಸಿಟಿ ಸಿವಿಲ್ ಕೋರ್ಟಿಗೆ ಅಲೆದವಳೂ ನಾನೇ. ಆ ಯುದ್ಧಕ್ಕೆ ಕಾರಣವಾದ ಗುಲಾಮಗಿರಿಯಲ್ಲಿ ನೊಂದವರು ಸುಮಾರು 40 ಲಕ್ಷ ಜನ. ಅವರನ್ನು ಯಾರಾದರೂ ಕೇಳಿದರೇ?

ನಾನು: ದೊಡ್ಡಪ್ಪ, ಅತ್ತೆಯ ಪ್ರಶ್ನೆಯನ್ನು ನೀವು ದಾಟಿಹೋಗಬಾರದು. ಆ 1865ರಲ್ಲೇ ಅಮೆರಿಕದ ಅಧ್ಯಕ್ಷ ಜಾನ್ಸನ್ ದಕ್ಷಿಣದವರಿಗೆ ಧಾರಾಳವಾಗಿ ಕ್ಷಮಾದಾನ ಕೊಟ್ಟರು, ಅಧಿಕಾರವನ್ನೂ ಬಿಟ್ಟುಕೊಟ್ಟರು. ಆ ದಕ್ಷಿಣದವರು ಬಿಡುಗಡೆಯಾದ ಕಪ್ಪು ಜನರನ್ನು ಮತ್ತೆ ಕಟ್ಟಿಹಾಕುವ ಕಾನೂನುಗಳನ್ನು ತಂದರು. ಗ್ರಾಂಟ್ ಕೊಟ್ಟದ್ದು ಕುದುರೆ ಮತ್ತು ಅನ್ನ, ಅಧಿಕಾರವಲ್ಲ. ಮುಂದೆ ತಾವೇ ಅಧ್ಯಕ್ಷರಾದಾಗ, 1871ರಲ್ಲಿ, ಕಪ್ಪು ಜನರ ಮೇಲೆ ಹಿಂಸೆ ನಡೆಸುತ್ತಿದ್ದ ಬಿಳಿಯರ ಗುಪ್ತಕೂಟ ಕು ಕ್ಲಕ್ಸ್ ಕ್ಲಾನ್‌ನ ದೌರ್ಜನ್ಯವನ್ನು ಅಡಗಿಸಲು ಅವರು ಸೈನ್ಯವನ್ನೇ ಬಳಸಿದರು. ಆದ್ದರಿಂದ ಅತ್ತೆಯ ಪಾಲಿನಲ್ಲಿ ಒಂದು ಅಂಗುಲವೂ ಕಡಿಮೆಯಾಗಬಾರದೆಂದು ನಾನು ಖಂಡಿತವಾಗಿ ಹೇಳುತ್ತೇನೆ. ಆದರೆ ಚಿಕ್ಕಪ್ಪನ ಮಗನಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಿದೆ, ತಿಂಗಳ ಕೊನೆಗೆ ಅವರು ಮನೆ ಬಿಡಬೇಕಾಗಿದೆ. ಆ ಹುಡುಗ ನಮಗೆ ಏನೂ ಮಾಡಿಲ್ಲ. ಅತ್ತೆ, ನೀವು ಒಪ್ಪಿದರೆ ಮಾತ್ರ, ಪರೀಕ್ಷೆ ಮುಗಿಯುವವರೆಗೆ ಅವಕಾಶ ಕೊಡಬಹುದಲ್ಲವೇ?

ದೊಡ್ಡಪ್ಪ: ತಂಗೀ, ಮೊದಲು ನಿನ್ನನ್ನು ಕೇಳಬೇಕಿತ್ತು. ಕೇಳದೆ ಹೇಳಿದ್ದು ನನ್ನ ತಪ್ಪು.

ಅತ್ತೆ: ಪರೀಕ್ಷೆ ಮುಗಿಯಲಿ, ಅಲ್ಲಿಯವರೆಗೆ ಬಾಡಿಗೆಯನ್ನೂ ಕೇಳುವುದಿಲ್ಲ. ಪಟಾಕಿಯ ಚಿತ್ರ ಹಾಕಿದವಳು ನಾನೇ, ಅಳಿಸಿದ್ದೇನೆ. ಅವನನ್ನು ಗುಂಪಿಗೆ ಸೇರಿಸುವ ವಿಚಾರ ಈಗ ಬೇಡ, ಅಣ್ಣ. ಅವನೊಡನೆ ಮೊದಲು ನಾನೊಬ್ಬಳೇ ಮಾತಾಡಬೇಕು, ಅದಕ್ಕೆ ಇನ್ನೂ ನನ್ನ ಮನಸ್ಸು ಸಿದ್ಧವಾಗಿಲ್ಲ.