ಸೆಲ್‌ಫೋನಿನ ‘ಸೆಲ್’ಗೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಬ್ರಿಟನ್ನಿನ ಮೊದಲ ಅನಲಾಗ್ (ದನಿಯನ್ನು ಅಂಕಿಗಳಾಗಿಸದೆ ಅಲೆಯಾಗಿಯೇ ಕಳಿಸುವ, ಡಿಜಿಟಲ್‌ಗೆ ಮುಂಚಿನ) ಮೊಬೈಲ್ ಕಂಪನಿಗಳ ಬಗ್ಗೆ ಲೇಖನ ಬರೆಯುತ್ತಿದ್ದೇನೆ. 1985ರ ಜನವರಿಯಲ್ಲಿ ಅಲ್ಲಿ ಎರಡು ಕಂಪನಿಗಳು ಸೇವೆ ಶುರುಮಾಡಿದವು. ಒಂದು ರೇಕಲ್ ಎಲೆಕ್ಟ್ರಾನಿಕ್ಸ್ ಕಟ್ಟಿದ ವೊಡಾಫೋನ್, ಇನ್ನೊಂದು ಬ್ರಿಟಿಷ್ ಟೆಲಿಕಾಂ ಮತ್ತು ಸೆಕ್ಯೂರಿಕಾರ್ ಸೇರಿ ಕಟ್ಟಿದ ಸೆಲ್‌ನೆಟ್. ವಾಯ್ಸ್, ಡೇಟಾ, ಫೋನ್ ಸೇರಿ ವೊಡಾಫೋನ್ ಆಯಿತೆಂದು ಬಿಡಿಸಿ ಹೇಳಬಹುದು. ಸೆಲ್‌ನೆಟ್‌ನ ‘ಸೆಲ್’ಗೆ ಕನ್ನಡ ಪದ ಸಿಗದೆ ಬರವಣಿಗೆ ನಿಂತಿದೆ.

ನಮ್ಮಲ್ಲಿ ಸೆಲ್ಲು ಅಂದರೆ ಟಾರ್ಚಿಗೋ ಗೋಡೆ ಗಡಿಯಾರಕ್ಕೋ ಹಾಕುವಂಥದ್ದು. ಸೆಲ್‌ಫೋನ್ ಅಂದರೆ ಸೆಲ್ಲಿನಿಂದ ನಡೆಯುವ ಫೋನು ಎಂದು ತಿಳಿದವರು ಬಹಳ ಮಂದಿ. ನಿಜಕ್ಕೂ ಅದು ಜಾಗದ ಲೆಕ್ಕ. ಅನಲಾಗಿನಲ್ಲಿ ಒಂದೊಂದು ಕರೆಗೂ ಮಾತು ಮುಗಿಯುವವರೆಗೆ ಪ್ರತ್ಯೇಕ ಚಾನೆಲ್ (ದನಿ ಸಾಗುವ ರೇಡಿಯೊ ದಾರಿ) ಬೇಕು, ಚಾನೆಲ್‌ಗಳೋ ಮಿತ. ಹಾಗಾಗಿ ಊರನ್ನು ಸಣ್ಣ ಸಣ್ಣ ತುಂಡು ಮಾಡಿ, ಅಕ್ಕಪಕ್ಕದ ತುಂಡುಗಳಿಗೆ ಬೇರೆ ಬೇರೆ ತರಂಗಾಂತರ ಕೊಟ್ಟು, ತುಸು ದೂರದಲ್ಲಿ ಅದನ್ನೇ ಮತ್ತೆ ಬಳಸುತ್ತಾರೆ. ಅಮೆರಿಕದ ಬೆಲ್ ಲ್ಯಾಬ್ಸ್ ಎಂಜಿನಿಯರುಗಳು 1947ರಲ್ಲೇ ಇದನ್ನು ಷಟ್ಕೋನಗಳಲ್ಲಿ ಯೋಚಿಸಿದ್ದರು.

ಈ ತುಂಡಿಗೆ ‘ಕೋಶ’ ಅಂದರೆ ಜೀವಕೋಶವೋ ನಿಘಂಟೋ ನೆನಪಾಗುತ್ತದೆ. ‘ವಲಯ’ ತೀರಾ ದೊಡ್ಡದು, ರೈಲ್ವೆಗೆ, ಅರಣ್ಯ ಇಲಾಖೆಗೆ ಸರಿ. ನನಗೆ ಹಿಡಿಸಿದ್ದು ‘ಗೂಡು’. ಚಿಕ್ಕದು, ಒತ್ತೊತ್ತಾಗಿ ಇರುವಂಥದ್ದು, ಜೇನಿನ ಷಟ್ಕೋನವನ್ನೂ ಕಣ್ಣಿಗೆ ತರುತ್ತದೆ. ಸೆಲ್‌ನೆಟ್ ಎಂದರೆ ‘ಗೂಡುಜಾಲ’ ಎಂದು ವಿವರಿಸಿದರೆ ಓದುಗರಿಗೆ ತಿಳಿದೀತೇ?

ಹ್ಯಾಂಡಾಫ್‌ಗೂ ಪದ ಬೇಕು. ಕಾರು ಒಂದು ಗೂಡಿನಿಂದ ಇನ್ನೊಂದಕ್ಕೆ ಹೋಗುವಾಗ ಕರೆಯನ್ನು ಮುಂದಿನ ಗೋಪುರಕ್ಕೆ ಒಪ್ಪಿಸುವ ಕ್ರಿಯೆ ಅದು. ಅನಲಾಗಿನಲ್ಲಿ, ಚಾನೆಲ್ ಬದಲಿಸು ಎಂದು ಫೋನಿಗೆ ಹೇಳುವ ಆದೇಶವೂ ಮಾತಿನ ಚಾನೆಲ್‌ನಲ್ಲೇ ಬರಬೇಕಿತ್ತು, ಅದಕ್ಕಾಗಿ ಕ್ಷಣಮಾತ್ರ ದನಿ ಕಡಿಯುತ್ತಿತ್ತು. ‘ಹಸ್ತಾಂತರ’ ಎಂದರೆ ಆಸ್ತಿ, ಅಧಿಕಾರದ ವಾಸನೆ. ‘ದಾಟಿಸು’ ಎನ್ನುವುದೇ ಮೇಲೆಂದು ನನಗೆ ತೋರುತ್ತದೆ.

‘ಜಂಗಮವಾಣಿ’ ಚೆಂದದ ಪದವೇ, ಆದರೆ ಅದು ಕೈಯಲ್ಲಿರುವ ಫೋನಿನ ಹೆಸರು. ನಮ್ಮ ದೇಶದಲ್ಲಿ 1995ರಲ್ಲಿ ಸೇವೆ ಶುರುವಾದದ್ದೇ ಜಿಎಸ್‌ಎಂ ಎಂಬ ಡಿಜಿಟಲ್ ಮೊಬೈಲ್ ವ್ಯವಸ್ಥೆಯಲ್ಲಿ, ಹಾಗಾಗಿ ಅನಲಾಗ್ ಕಾಲದ ಆಡುಮಾತು ನಮಗೆ ದಕ್ಕಲಿಲ್ಲ. ಆದರೂ ಗೂಡು, ದಾಟಿಸುವುದು ಎರಡೂ ಜಿಎಸ್‌ಎಂನಲ್ಲೂ ಇವೆಯಲ್ಲ. ದೂರವಾಣಿ ಇಲಾಖೆಯಲ್ಲಿ, ಟವರ್ ಕೆಲಸದಲ್ಲಿ ಇದ್ದವರು ಯಾರಾದರೂ ಇದ್ದರೆ, ಕೆಲಸದ ಮಧ್ಯೆ ಕನ್ನಡದಲ್ಲಿ ಇವಕ್ಕೆ ಏನೆನ್ನುತ್ತಿದ್ದಿರಿ ಎಂದು ದಯವಿಟ್ಟು ತಿಳಿಸಿ.