ಮರು: ಎಫ್‌ಎಫ್‌ಟಿಯ 'ಬಿನ್'ಗೆ ಕನ್ನಡ ಪದ ಬೇಕು, ತುರ್ತು

ನಿಮ್ಮ ಕನ್ನಡ ಕೈಪಿಡಿ ಅಚ್ಚಿಗೆ ಹೋಗುವ ಹೊತ್ತಾಯಿತು, ಎಫ್‌ಎಫ್‌ಟಿಯ (ಸದ್ದಿನಲ್ಲಿ ಯಾವ ಫ್ರೀಕ್ವೆನ್ಸಿ ಎಷ್ಟಿದೆ ಎಂದು ಬಿಡಿಸಿ ಹೇಳುವ ಲೆಕ್ಕ) 'ಬಿನ್'ಗೆ ಕನ್ನಡ ಪದ ಬೇಕು ಅಂದಿದ್ದೀರಿ, ಹಾಗಾಗಿ ಪದ ಮೊದಲು ಹೇಳಿಬಿಡುತ್ತೇನೆ: ಮನೆ. ತೊಟ್ಟಿ ಬೇಡವೇ ಬೇಡ. ಅದು ಕಸದ ಬಿನ್ನಿಗೆ ಸರಿ.

ಕೈಪಿಡಿಯಲ್ಲಿರುವ ಆ ಪುಟ್ಟ ಮೈಕ್ರೋಕಂಟ್ರೋಲರ್ (ಒಂದೇ ಚಿಪ್ಪಿನ ಪುಟ್ಟ ಕಂಪ್ಯೂಟರ್) ಬೋರ್ಡ್ ಮಾಡುವ ಕೆಲಸ ನೋಡಿ. ಮೈಕಿನ ಸಿಗ್ನಲ್ಲನ್ನು ಸೆಕೆಂಡಿಗೆ 9600 ಸಲ ಅಳೆದು, ಅಂದರೆ 9600 ಸ್ಯಾಂಪಲ್ ತೆಗೆದು, 256 ಆದಾಗ ಒಮ್ಮೆ ಎಫ್‌ಎಫ್‌ಟಿ ಓಡಿಸುತ್ತದೆ ಅಂತಿಟ್ಟುಕೊಳ್ಳಿ. ಸಾಲಾಗಿ ಅಂಕಿಗಳು ಬರುತ್ತವೆ, ಒಂದೊಂದಕ್ಕೂ ನಡುವೆ 37.5 ಹರ್ಟ್ಜ್ ಅಂತರ. ಈ ಒಂದೊಂದು ಅಂಕಿಯ ಜಾಗವೇ ಬಿನ್, ಎಣಿಕೆ ಸೊನ್ನೆಯಿಂದ ಶುರು. ಚದುರಂಗದ ಹಲಗೆಯ ಚೌಕಕ್ಕೆ ಮನೆ ಅನ್ನುತ್ತೇವೆ, ಅಲ್ವಾ? ಎಣಿಸಿ ಹೇಳಬಹುದಾದ ಜಾಗ ಎಂಬ ಅರ್ಥ ಆ ಪದದಲ್ಲಿ ಆಗಲೇ ಇದೆ. ವಾಕ್ಯದಲ್ಲಿ ಕೂರಿಸಿ ನೋಡಿ: "440 ಹರ್ಟ್ಜ್ ಸ್ವರ 12ನೇ ಮನೆಗೆ ಬೀಳುತ್ತದೆ, ಸ್ವಲ್ಪ ಪಕ್ಕದ ಮನೆಗೂ ಸೋರುತ್ತದೆ." ಹೀಗೆ ಸೋರುವ ಲೀಕೇಜಿಗೆ ಬೇರೆ ಪದ ಹುಡುಕುವುದೂ ತಪ್ಪಿತು. ಮೈಕಿನ ಸಿಗ್ನಲ್ಲನ್ನು ಬೋರ್ಡಿನ ಅರ್ಧ ವೋಲ್ಟೇಜಿಗೆ ಎತ್ತಿ ಒಳಗೆ ಬಿಡುವುದರಿಂದ ಸೊನ್ನೆಯ ಮನೆಯಲ್ಲಿ (ಏರಿಳಿಯದೆ ನಿಂತ ವೋಲ್ಟೇಜ್ ಬೀಳುವ ಜಾಗ) ಯಾವಾಗಲೂ ದೊಡ್ಡ ಅಂಕಿ ಕೂತಿರುತ್ತದಲ್ಲ, ಅದನ್ನೂ ಹೀಗೇ ಸಲೀಸಾಗಿ ಬರೆಯಬಹುದು. ಬಿನ್‌ಗೆ "ಕೋಷ್ಠ" ಅನ್ನಿ ಎಂದು ಇಲ್ಲಿ ಸಲಹೆ ಕೊಟ್ಟವರಿಗೆ: ನಿಘಂಟು ಪಕ್ಕದಲ್ಲಿಟ್ಟುಕೊಂಡು ಯಾರೂ ಬೆಸುಗೆ ಹಾಕುವುದಿಲ್ಲ.

ಫ್ರೀಕ್ವೆನ್ಸಿಗೆ, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಎಣಿಕೆಗೆ, ಕಂಪನಾಂಕ ಅಂತಲೇ ಬರೆಯಿರಿ. ಆವೃತ್ತಿ ಪಾಠಪುಸ್ತಕದ ಪದ, ತಪ್ಪೇನಲ್ಲ, ಆದರೆ ನಿಮ್ಮ ಮೊದಲ ಪುಟದಲ್ಲೇ ತಂತ್ರಾಂಶದ ಆವೃತ್ತಿ 2.1 ಎಂದಿದೆ. ಒಂದೇ ಪುಸ್ತಕದಲ್ಲಿ ಎರಡು ಆವೃತ್ತಿ ಇಟ್ಟರೆ ಓದುವವರು ಎಡವುತ್ತಾರೆ. ತರಂಗಾಂತರ ಮಾತ್ರ ಖಂಡಿತ ಕೂಡದು. ಪತ್ರಿಕೆಗಳು ಸ್ಪೆಕ್ಟ್ರಂ ಹರಾಜಿಗೆ ಬಳಸಿ ಬಳಸಿ ಅದನ್ನು ಕೆಡಿಸಿವೆ. ಅಲೆಗೂ ಅಲೆಗೂ ನಡುವಿನ ಅಂತರ ಅದು. ಕಂಪನಾಂಕ ಏರಿದರೆ ಆ ಅಂತರ ಇಳಿಯುತ್ತದೆ, ಪೂರ್ತಿ ಉಲ್ಟಾ!

ಮೈಕ್ರೋಕಂಟ್ರೋಲರ್ ತೆಗೆದು "ಕಿರುನಿಯಂತ್ರಕ" ಹಾಕಿ ಎಂದು ಮೇಲೆ ಒಬ್ಬರು ಉದ್ದಕ್ಕೆ ಬರೆದಿದ್ದಾರೆ, ಅಚ್ಚಗನ್ನಡದ ಹೆಸರಿನಲ್ಲಿ. ನಿಯಂತ್ರಕ ಯಾವ ಊರಿನ ಅಚ್ಚಗನ್ನಡ? ಅದೂ ಎರವಲೇ. ಸಂಸ್ಕೃತದಿಂದ ತಂದರೆ ಮಡಿ, ಇಂಗ್ಲಿಷಿನಿಂದ ತಂದರೆ ಮೈಲಿಗೆ ಎನ್ನುವ ಲೆಕ್ಕ ನಾನು ಒಪ್ಪುವುದಿಲ್ಲ. ಬಳಸುವವರ ಬಾಯಲ್ಲಿ ಇರುವುದು ಮೈಕ್ರೋಕಂಟ್ರೋಲರ್, ಅದು ಹಾಗೇ ಇರಲಿ. ಹರ್ಟ್ಜ್ ಅಂತೂ ಮನುಷ್ಯನ ಹೆಸರು, ಅದನ್ನು ಮುಟ್ಟುವ ಮಾತೇ ಇಲ್ಲ. ಹೊಸ ಪದ ಕಟ್ಟುವ ಮುಂಚೆ ಇರುವ ಪದ ಸಾಲುತ್ತದಾ ಅಂತ ನೋಡಿ. ಸುಮ್ನೆ ಕಟ್ಟುತ್ತಾ ಹೋದರೆ ಪಟ್ಟಿ ಬೆಳೆಯುತ್ತದೆ ಅಷ್ಟೇ.

ನಿಮ್ಮ ಕರಡಿನಲ್ಲಿ ಅಲಿಯಾಸಿಂಗ್‌ಗೆ "ಉಪನಾಮ" ಎಂದಿದೆ. ದಯವಿಟ್ಟು ತೆಗೆಯಿರಿ. 9600ರ ವೇಗದಲ್ಲಿ ನೆಟ್ಟಗೆ ಹಿಡಿಯಬಹುದಾದದ್ದು ಅದರ ಅರ್ಧ, 4800 ಹರ್ಟ್ಜ್‌ವರೆಗೆ. ಮುಂದೆ ಫಿಲ್ಟರ್ ಇಲ್ಲದಿದ್ದರೆ 6000 ಹರ್ಟ್ಜ್ ಸದ್ದು 3600ರ ವೇಷದಲ್ಲಿ ಬಂದು ಕೂರುತ್ತದೆ. ಅಲಿಯಾಸಿಂಗ್ ಅಂದರೆ ಇದೇ, ಇದಕ್ಕೆ ಸೋಗು ಅನ್ನಿ. ಸೋಗಿನ ಕಂಪನ, ಸೋಗು ತಡೆಯುವ ಫಿಲ್ಟರ್, ಎರಡೂ ಚೆನ್ನಾಗಿ ಕೂರುತ್ತವೆ. ಎಫ್‌ಎಫ್‌ಟಿಗೆ ಮುಂಚೆ ಸ್ಯಾಂಪಲ್ ಸಾಲಿನ ಎರಡೂ ತುದಿ ತಗ್ಗಿಸಿ ಸೋರಿಕೆ ಇಳಿಸುವ ವಿಂಡೋಗೆ ಇನ್ನೂ ಒಳ್ಳೆಯ ಪದ ಸಿಕ್ಕಿಲ್ಲ, ಈ ಸಲ ವಿಂಡೋ ಅಂತಲೇ ಅಚ್ಚು ಹಾಕಿಸಿ.