ಕಡಿದ ಕಬ್ಬು ತನ್ನ ಸಕ್ಕರೆಯನ್ನು ತಾನೇ ತಿನ್ನುತ್ತದೆಯೇ?

ಪ್ರಶ್ನೆ – ಪಿಯುಸಿ ವಿದ್ಯಾರ್ಥಿ, ಮದ್ದೂರು

ನಮ್ಮ ಕಬ್ಬಿನ ಗಾಡಿ ಕಾರ್ಖಾನೆಯ ಮುಂದೆ ಎರಡು ದಿನ ಬಿಸಿಲಿನಲ್ಲೇ ನಿಂತಿತ್ತು. ಒಣಗಿ ತೂಕ ಇಳಿಯುವುದು ಅರ್ಥವಾಗುತ್ತದೆ. ಆದರೆ ಸಿಹಿಯೂ ಇಳಿಯುತ್ತದೆ ಎಂದು ಅಪ್ಪ ಹೇಳುತ್ತಾರೆ. ಕಡಿದ ಮೇಲೂ ಕಬ್ಬಿನ ಜೀವಕೋಶಗಳು ಸಕ್ಕರೆಯನ್ನು ಬಳಸುತ್ತಿರುತ್ತವೆಯೇ? ಬೆಂಕಿಯೇ ಇಲ್ಲದೆ ಸಕ್ಕರೆಯಿಂದ ಶಕ್ತಿ ಹೊರಬರುವುದು ಹೇಗೆ? ಒಂದು ಗ್ಲೂಕೋಸ್‌ಗೆ 38 ಎಟಿಪಿ (ಕೋಶಕ್ಕೆ ಶಕ್ತಿ ಒದಗಿಸುವ ಅಣು) ಎಂದು ಒಂದು ಪುಸ್ತಕದಲ್ಲಿಯೂ 30 ಎಂದು ಇನ್ನೊಂದರಲ್ಲಿಯೂ ಓದಿದ್ದೇನೆ, ಯಾವುದು ಸರಿ?

ಉತ್ತರ – ಜೀವಶಾಸ್ತ್ರ ಉಪನ್ಯಾಸಕಿ, ಮೈಸೂರು

ನಿಮ್ಮ ತಂದೆಯವರ ಮಾತು ನಿಜ. ಕಡಿದ ಕಬ್ಬಿಗೆ ಇನ್ನೂ ಜೀವವಿರುತ್ತದೆ, ಅದು ಉಸಿರಾಡುತ್ತಲೇ ಇರುತ್ತದೆ, ಅಂದರೆ ಸಕ್ಕರೆಯನ್ನು ಒಡೆದು ಶಕ್ತಿ ಪಡೆಯುತ್ತಲೇ ಇರುತ್ತದೆ. ಅದರ ತುಂಡನ್ನೇ ಬಿತ್ತನೆಗೆ ಊರಿದಾಗ ಗಿಣ್ಣಿನಲ್ಲಿ ಮೊಳಕೆ ಒಡೆಯುವುದನ್ನು ನೀವು ನೋಡಿಯೇ ಇರುತ್ತೀರಿ. ಕೋಶದಲ್ಲಿರುವ ಇನ್ವರ್ಟೇಸ್ ಎಂಬ ಕಿಣ್ವ ಕಬ್ಬಿನ ಸಕ್ಕರೆಯಾದ ಸುಕ್ರೋಸನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಬಳಿಕ ಕೋಶದ್ರವದಲ್ಲಿ ಒಂದು ಗ್ಲೂಕೋಸ್ ಒಡೆದು ಪೈರುವೇಟ್ ಎಂಬ ಎರಡು ಚಿಕ್ಕ ಅಣುಗಳಾಗುತ್ತದೆ. ಇಲ್ಲಿ ನಿವ್ವಳವಾಗಿ ಸಿಗುವುದು 2 ಎಟಿಪಿ ಮಾತ್ರ. ಪೈರುವೇಟ್ ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದೊಳಗೆ ಸೇರಿ, ಹ್ಯಾನ್ಸ್ ಕ್ರೆಬ್ಸ್ 1937ರಲ್ಲಿ ವಿವರಿಸಿದ ಚಕ್ರವನ್ನು ಹಾದು ಬರುವಷ್ಟರಲ್ಲಿ ಅದರ ಇಂಗಾಲವೆಲ್ಲ ಕಾರ್ಬನ್ ಡೈಆಕ್ಸೈಡ್ ಆಗಿ ಹೊರಬಿದ್ದು, ಶಕ್ತಿ ತುಂಬಿದ ಇಲೆಕ್ಟ್ರಾನುಗಳು ವಾಹಕ ಅಣುಗಳ ಪಾಲಾಗಿರುತ್ತವೆ.

ಮುಂದಿನ ಹಂತವನ್ನು ಎಷ್ಟು ವರ್ಷ ಪಾಠ ಮಾಡಿದರೂ ನನ್ನ ಬೆರಗು ಕಡಿಮೆಯಾಗಿಲ್ಲ. ಇಲೆಕ್ಟ್ರಾನುಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವಾಗ ಬಿಡುವ ಶಕ್ತಿಯಿಂದ ಪ್ರೋಟಾನುಗಳು ಮೈಟೊಕಾಂಡ್ರಿಯದ ಒಳಪೊರೆಯ ಆಚೆಗೆ ತಳ್ಳಲ್ಪಡುತ್ತವೆ. ನಿಮ್ಮ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲಿ ಆರಂಭವಾದ ವಿದ್ಯುದಾಗಾರದ ಚಕ್ರವನ್ನು ಕಾವೇರಿಯ ನೀರು ತಿರುಗಿಸುವಂತೆ, ಮರಳಿ ಒಳನುಗ್ಗುವ ಪ್ರೋಟಾನುಗಳು ಎಟಿಪಿ ಸಿಂಥೇಸ್ ಎಂಬ ಪ್ರೋಟೀನಿನ ಒಂದು ಭಾಗವನ್ನು ನಿಜವಾಗಿಯೂ ತಿರುಗಿಸುತ್ತವೆ. ಎಟಿಪಿ ತಯಾರಾಗುವುದು ಆಗಲೇ. ಪೀಟರ್ ಮಿಚೆಲ್ 1961ರಲ್ಲಿ ಈ ಪ್ರೋಟಾನ್ ಹರಿವಿನ ವಿಚಾರವನ್ನು ಮಂಡಿಸಿದರು. ಕೊನೆಗೆ ಇಲೆಕ್ಟ್ರಾನುಗಳನ್ನು ಸ್ವೀಕರಿಸುವ ಆಮ್ಲಜನಕ ನೀರಾಗುತ್ತದೆ. ಆ ಆಮ್ಲಜನಕವೇ ಕಾರ್ಬನ್ ಡೈಆಕ್ಸೈಡ್ ಆಗುತ್ತದೆಂದು ಅನೇಕ ವಿದ್ಯಾರ್ಥಿಗಳು ಬರೆಯುತ್ತಾರೆ, ಅದು ತಪ್ಪು.

ಉತ್ತರ – ಆಲೆಮನೆ ನಡೆಸುವವರು, ಪಾಂಡವಪುರ

ಮೇಡಂ, ಹಳೆಯ ಕಬ್ಬಿನ ಬೆಲ್ಲ ಅಚ್ಚಿನಲ್ಲಿ ಗಟ್ಟಿಯಾಗಿ ಕೂರದೆ ನೀರೊಡೆಯುವುದಕ್ಕೂ ಇದೇ ಕಾರಣವಿರಬಹುದೇ? ಗಾಣದಿಂದ ಇಳಿಸಿದ ಕಬ್ಬಿನ ಹಾಲನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಹಾಗೆಯೇ ಬಿಟ್ಟರೆ ನೊರೆಯೆದ್ದು ಹುಳಿ ವಾಸನೆ ಬರುತ್ತದೆ. ಒಟ್ಟಿದ ಕಬ್ಬಿನ ನಡುವೆ ಕೈ ಹಾಕಿದರೆ ಬೆಚ್ಚಗಿರುವುದನ್ನೂ ಗಮನಿಸಿದ್ದೇನೆ.

ಉತ್ತರ – ಜೀವಶಾಸ್ತ್ರ ಉಪನ್ಯಾಸಕಿ, ಮೈಸೂರು

ಹೌದು, ಒಡೆದ ಸಕ್ಕರೆ ಹೆಚ್ಚಾದಷ್ಟೂ ಬೆಲ್ಲ ಗಾಳಿಯ ತೇವವನ್ನು ಹೀರುತ್ತದೆ. ನೊರೆ ಯೀಸ್ಟಿನ ಕೆಲಸ: ಆಮ್ಲಜನಕವಿಲ್ಲದಾಗ ಅದು ಒಂದು ಗ್ಲೂಕೋಸಿನಿಂದ 2 ಎಟಿಪಿ ಮಾತ್ರ ಪಡೆಯುತ್ತದೆ, ಉಳಿದ ಶಕ್ತಿಯ ಬಹುಪಾಲು ಮದ್ಯಸಾರದಲ್ಲೇ ಉಳಿದುಬಿಡುತ್ತದೆ. ಕಡಿದ ತುದಿಯಿಂದ ಒಳಸೇರುವ ಬ್ಯಾಕ್ಟೀರಿಯಗಳೂ ಕಬ್ಬಿನ ಸಕ್ಕರೆಯನ್ನು ಹಾಳುಮಾಡುತ್ತವೆ, ಆದ್ದರಿಂದ ನಷ್ಟಕ್ಕೆಲ್ಲ ಕಬ್ಬಿನ ಉಸಿರಾಟವೊಂದೇ ಹೊಣೆಯಲ್ಲ.

ಬಿಸಿಯ ವಿಷಯ 38ರ ಪ್ರಶ್ನೆಗೂ ಹೊಂದುತ್ತದೆ. 38 ಎಂಬುದು ಪ್ರತಿ ವಾಹಕಕ್ಕೂ ಪೂರ್ಣಸಂಖ್ಯೆಯ ಎಟಿಪಿ ಹಿಡಿದು ಮಾಡಿದ ಹಳೆಯ ಲೆಕ್ಕ. ಪೊರೆಯ ಮೂಲಕ ಸಾಗಿಸುವ ಖರ್ಚನ್ನೂ ಕಳೆದರೆ ಉಳಿಯುವುದು 30ರಿಂದ 32. ಒಂದು ಮೋಲ್ (ಸುಮಾರು 180 ಗ್ರಾಂ) ಗ್ಲೂಕೋಸಿನಲ್ಲಿರುವ ಸುಮಾರು 2,870 ಕಿಲೋಜೌಲ್‌ನಲ್ಲಿ ಮೂರನೆಯ ಒಂದು ಭಾಗದಷ್ಟು ಎಟಿಪಿಗೆ ಸೇರಿ, ಮಿಕ್ಕದ್ದು ಶಾಖವಾಗುತ್ತದೆ. ನಿಮ್ಮ ಕೈಗೆ ತಾಗಿದ ಬಿಸಿಯಲ್ಲಿ ಅದರ ಪಾಲೂ ಇದೆ; ಬಿಸಿ ಏರಿದಷ್ಟೂ ಸಕ್ಕರೆ ಬೇಗ ಖರ್ಚಾಗುತ್ತದೆ. ಗಾಡಿ ಕಾಯಲೇಬೇಕಾದರೆ ನೆರಳಿನಲ್ಲಿ ನಿಲ್ಲಿಸಿ, ಕಬ್ಬಿನ ಮೇಲೆ ತರಗು ಹೊದಿಸಿ, ಆಗಾಗ ನೀರು ಚಿಮುಕಿಸಿ.